ಮಲೆನಾಡಿನ ಮನೆಯಲ್ಲಿ ಮರದ ಗೋಡೆ: ಬಾಗಿದರೆ, ಬಿರಿದರೆ, ಬೂಷ್ಟು ಹಿಡಿದರೆ

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದ ಪಡುವಣ ಗೋಡೆಗೆ ನಾನೇ ಹಲಗೆ ಹೊಡೆದೆ. ಮೂಡಿಗೆರೆ ಕಡೆ ತೋಟ ಮಾಡಿಕೊಂಡಿರುವ ಭಾವ ಕೊಟ್ಟ ಸಿಲ್ವರ್ ಓಕ್. ಆರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಟಿವಿಯ ಹಿಂದಿನ ಒಂದೇ ಗೋಡೆ, ಆದರೂ ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಜುಲೈ ಕೊನೆಯ ಪುಷ್ಯ ಮಳೆ ಹಿಡಿದುಕೊಂಡ ಹೊತ್ತಿಗೆ ಕೆಳಗಿನ ನಾಲ್ಕು ಹಲಗೆಗಳ ಅಂಚು ಮೇಲೆದ್ದಿತು, ಸೋಫಾದ ಹಿಂದೆ ಮುಗ್ಗಲು ವಾಸನೆ ಶುರುವಾಯಿತು. ಮರುವರ್ಷ ಮಾರ್ಚ್‌ನಲ್ಲಿ ಅದೇ ಗೋಡೆಯ ಮೇಲುಭಾಗದಲ್ಲಿ ಹಲಗೆಗಳ ನಡುವೆ ಎರಡು ನಾಣ್ಯ ಒಟ್ಟಿಗೆ ತೂರುವಷ್ಟು ಸಂದು ಬಿಟ್ಟಿತ್ತು. ಮರವನ್ನು ಬೈದೆ, ಸ್ಕ್ರೂವನ್ನು ಬೈದೆ, ಕೊಯ್ದುಕೊಟ್ಟ ಸಾಮಿಲ್ಲಿನವರನ್ನೂ ಬೈದೆ. ಕೊನೆಗೆ ಗೊತ್ತಾದದ್ದು, ತಂಟೆಯೆಲ್ಲ ನೀರಿನದು.

ಆ ನೀರು ಮೂರು ಕಡೆ ಇರಬಹುದು: ಮರದೊಳಗೆ, ಗೋಡೆಯೊಳಗೆ ಅಥವಾ ಮನೆಯ ಗಾಳಿಯಲ್ಲಿ. ಎಲ್ಲಿದೆ ಎಂದು ತಿಳಿಯದೆ ಕೀಸುಳಿ ಹಿಡಿದರೆ ಒಂದೇ ಕೆಲಸವನ್ನು ಮೂರು ಸಲ ಮಾಡಬೇಕಾಗುತ್ತದೆ. ನಾನು ಎರಡು ಸಲ ಮಾಡಿದ್ದೇನೆ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರುಮಾಡಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಆಮೇಲಷ್ಟೇ ಹಲಗೆಗೆ ಕೈಹಾಕುವ ಕ್ರಮ ಇಲ್ಲಿದೆ.

ಸುಟ್ಟ ವಾಸನೆ, ಬೆಚ್ಚಗಿನ ಹಲಗೆ, ಮಳೆ ಬಂದಾಗಲೆಲ್ಲ ಟ್ರಿಪ್

ಇದೊಂದು ಲಕ್ಷಣಕ್ಕೆ ಮನೆಮದ್ದಿಲ್ಲ, ಹಾಗಾಗಿ ಇದನ್ನೇ ಮೊದಲು ಹೇಳುತ್ತೇನೆ. ಸ್ವಿಚ್ ಬೋರ್ಡಿನ ಸುತ್ತಲಿನ ಮರ ಬೆಚ್ಚಗಿದ್ದರೆ, ಬಣ್ಣ ಕಂದಿದ್ದರೆ, ಸ್ಕ್ರೂ ತಲೆ ಮುಟ್ಟಿದಾಗ ಜುಮ್ಮೆಂದರೆ, ಗೋಡೆಯನ್ನು ಬಿಟ್ಟು ದೂರ ಸರಿದು ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಮೇನ್ ಇಳಿಸಿದರೂ ಇನ್ವರ್ಟರ್ ಸಾಲಿನ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ನಮ್ಮ ಕಡೆ ಇನ್ವರ್ಟರ್ ಇರುವ ಮನೆಗಳೇ ಹೆಚ್ಚು, ಆದರೆ ಈ ಸಂಗತಿ ನೆನಪಿರುವವರು ಕಡಿಮೆ.

ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಹಲಗೆಯ ಸ್ಕ್ರೂ ಗೋಡೆಯೊಳಗಿನ ತಂತಿಯನ್ನು ಚುಚ್ಚಿರುತ್ತದೆ. ಅಥವಾ ಹಲಗೆಯಿಂದಾಗಿ ಗೋಡೆ ಮುಂದೆ ಬಂದು, ಸ್ವಿಚ್ ಪೆಟ್ಟಿಗೆ ಮಾತ್ರ ಹಿಂದೆಯೇ ಉಳಿದು, ಬೋರ್ಡನ್ನು ಎಳೆದು ಕೂರಿಸುವಾಗ ತಂತಿಯ ಬಿಗಿ ಸಡಿಲಿರುತ್ತದೆ. ಇಲ್ಲವೇ ಅಲಂಕಾರದ ಎಲ್‌ಇಡಿ ಪಟ್ಟಿಯ ಅಡಾಪ್ಟರನ್ನು ಯಾರೋ ಹಲಗೆಯ ಹಿಂದೆ ಬಚ್ಚಿಟ್ಟಿರುತ್ತಾರೆ. ಈ ಮೂರನೆಯದನ್ನು ಮಾತ್ರ, ವಿದ್ಯುತ್ ಪೂರ್ತಿ ಆರಿಸಿದ ಮೇಲೆ, ನೀವೇ ಹೊರಗೆ ತರಬಹುದು. ಅಡಾಪ್ಟರಿಗೆ ಗಾಳಿ ಬೇಕು.

ಟ್ರಿಪ್ ಆಗುವ ರೀತಿಯೂ ಒಂದು ಸುಳಿವು. ವಿದ್ಯುತ್ ಮಿತಿಮೀರಿ ಹರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು ಮೇಲೆತ್ತಿದ ಕೂಡಲೇ ಬಿದ್ದರೆ ತಂತಿ-ತಂತಿ ತಗಲಿದೆ. ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಗಾಲದಲ್ಲಿ ಮಾತ್ರ ವಿದ್ಯುತ್ ಸೋರಿಕೆ ಪತ್ತೆಹಚ್ಚುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುತ್ತಿದ್ದರೆ, ಗಾಯಗೊಂಡ ತಂತಿಯಿಂದ ಒದ್ದೆ ಗೋಡೆಗೆ ವಿದ್ಯುತ್ ಸೋರುತ್ತಿದೆ. ಆ ಸ್ವಿಚ್ಚು ನಿಮ್ಮ ಜೀವ ಉಳಿಸುವ ಕೆಲಸ ಮಾಡುತ್ತಿದೆ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ. ಮೆಗ್ಗರ್ ಎಂಬ ಮಾಪಕ ಇಟ್ಟುಕೊಂಡಿರುವ ಎಲೆಕ್ಟ್ರೀಷಿಯನ್‌ನನ್ನು ಕರೆಸಿ, ತಂತಿಯ ಹೊದಿಕೆಯ ನಿರೋಧ ಅಳೆಸಿ.

ಹಲಗೆಗಳ ನಡುವೆ ಸಂದು ಬಿಟ್ಟಿದೆ

ಸಂದು ಎಲ್ಲ ಕಡೆ ಒಂದೇ ಸಮನಾಗಿದ್ದು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಿಗ್ಗಿ, ಆಗಸ್ಟ್‌ನಲ್ಲಿ ಮುಚ್ಚಿಕೊಳ್ಳುತ್ತಿದ್ದರೆ ಅದು ದೋಷವಲ್ಲ. ಮರ ಗಾಳಿಯ ತೇವವನ್ನು ಕುಡಿದು ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಈ ಉಬ್ಬರವಿಳಿತವೆಲ್ಲ ಅಗಲದಲ್ಲಿ. ಉದ್ದದಲ್ಲಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಸಾಮಿಲ್ಲಿನಲ್ಲಿ ಸುಮ್ಮನೆ ಉದ್ದುದ್ದ ಸೀಳಿದ ಹಲಗೆಯಾದರೆ, ತೇವಾಂಶ ಶೇಕಡಾ 4ರಷ್ಟು ಇಳಿದಾಗ ಅಗಲ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ ಎಂಬ ಕೈಲೆಕ್ಕ ಬಹುತೇಕ ಮರಗಳಿಗೆ ಹೊಂದುತ್ತದೆ. ಶೇಕಡಾ 20 ತೇವ ಇದ್ದ ಆರು ಇಂಚಿನ ಹಲಗೆ ಶೇಕಡಾ 12ಕ್ಕೆ ಇಳಿದರೆ ಮೂರು ಮಿಲಿಮೀಟರ್ ಹೋಯಿತು. ನನ್ನ ಎರಡು ನಾಣ್ಯದ ಸಂದಿಗೆ ಉತ್ತರ ಸಿಕ್ಕಿದ್ದು ಇಲ್ಲಿ.

ನಮ್ಮಲ್ಲಿ ಈ ಲೆಕ್ಕಕ್ಕೆ ಊರೂ ಸೇರುತ್ತದೆ. ಒಂದೇ ಜಿಲ್ಲೆಯಾದರೂ ಮೂಡಿಗೆರೆಯ ಗಾಳಿ ಬೇರೆ, ಕಡೂರಿನ ಗಾಳಿ ಬೇರೆ; ಸಕಲೇಶಪುರಕ್ಕೂ ಅರಸೀಕೆರೆಗೂ ಅದೇ ಅಂತರ. ನನ್ನ ಗೋಡೆಗೆ ಬಳಸಿ ಉಳಿದ ಹಲಗೆಗಳನ್ನು ಅರಸೀಕೆರೆಯಲ್ಲಿರುವ ಚಿಕ್ಕಪ್ಪನ ಮಗ ಒಯ್ದು ತನ್ನ ಮನೆಗೆ ಹೊಡೆದುಕೊಂಡ. ಅವನ ಗೋಡೆಯಲ್ಲಿ ಒಂದು ಹಲಗೆಯೂ ಬಾಗಲಿಲ್ಲ, ಆದರೆ ಸಂದು ನನ್ನದಕ್ಕಿಂತ ದೊಡ್ಡದು. ಮಲೆನಾಡಿನ ಮರವನ್ನು ಬಯಲುಸೀಮೆಯ ಮನೆಗೆ ಒಯ್ಯುವವರು ಅದನ್ನು ಆ ಮನೆಯ ಕೋಣೆಯಲ್ಲೇ, ನಡುನಡುವೆ ರೀಪು ಕೊಟ್ಟು ಪೇರಿಸಿ, ಕೆಲವು ವಾರವಾದರೂ ಬಿಡಬೇಕು.

ಮಾಡಬೇಕಾದದ್ದು ಏನು? ಮೊದಲ ಬೇಸಿಗೆಯಲ್ಲಿ ಏನೂ ಮಾಡಬೇಡಿ. ಸಂದಿಗೆ ಪುಟ್ಟಿ ತುಂಬಿದರೆ ಜುಲೈನಲ್ಲಿ ಉಬ್ಬುವ ಹಲಗೆಗೆ ಜಾಗವಿಲ್ಲದೆ ಪುಟ್ಟಿ ಉದುರುತ್ತದೆ, ಇಲ್ಲವೇ ಹಲಗೆಯೇ ಮುಂದೆ ಚಿಮ್ಮುತ್ತದೆ. ಸಂದಿನಲ್ಲಿ ಬಿಳಿ ಗೋಡೆ ಇಣುಕುವುದೇ ನಿಮ್ಮ ಬೇಸರವಾದರೆ, ಕಡ್ಡಿಗೆ ಬಟ್ಟೆ ಸುತ್ತಿ ಹಿಂದಿನ ಗೋಡೆಗೆ ಕಪ್ಪು ಬಣ್ಣ ಹಚ್ಚಿ. ಅರ್ಧ ದಿನದ ಕೆಲಸ, ಸಂದು ಮಾಯ.

ಸಂದು ಒಂದೇ ಕಡೆ ಇದ್ದು ಉಳಿದ ಕಡೆ ಬಿಗಿಯಾಗಿದ್ದರೆ ಮಾತ್ರ ಆ ಹಲಗೆಯ ಸ್ಕ್ರೂ ನೋಡಬೇಕು. ಅಗಲದ ಎರಡೂ ಅಂಚಿಗೆ ಬಿಗಿಯಾಗಿ ಸ್ಕ್ರೂ ಹೊಡೆದ ಹಲಗೆ ಕುಗ್ಗಲು ಬಿಡುವಿಲ್ಲದೆ ನಡುವೆ ಸೀಳುತ್ತದೆ. ಒಂದು ಅಂಚಿನ ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಕೊರೆದು, ಸ್ಕ್ರೂವನ್ನು ಪೂರ್ತಿ ಬಿಗಿಯದೆ ಕೂರಿಸಿದರೆ ಮರ ಸರಿದಾಡುತ್ತದೆ.

ಹಲಗೆ ಬಾಗಿದೆ, ಅಂಚು ಎದ್ದಿದೆ

ಯಾವ ಕಡೆಗೆ ಬಾಗಿದೆ ಎಂದು ನೋಡುವುದರಲ್ಲೇ ಮುಕ್ಕಾಲು ಪಾಲು ಉತ್ತರವಿದೆ. ಒಂದು ನೇರವಾದ ಸ್ಕೇಲನ್ನು ಹಲಗೆಯ ಅಗಲಕ್ಕೆ ಅಡ್ಡ ಹಿಡಿಯಿರಿ. ಸ್ಕೇಲು ಎರಡು ಅಂಚನ್ನು ಮುಟ್ಟಿ ನಡುವೆ ಬೆಳಕು ಕಂಡರೆ, ಹಲಗೆ ಕೋಣೆಯ ಕಡೆಗೆ ತಟ್ಟೆಯಂತೆ ಹಳ್ಳವಾಗಿದೆ: ಹಿಂಬದಿ ಒದ್ದೆಯಾಗಿ ಉಬ್ಬಿದೆ, ಮುಂಬದಿ ಒಣಗಿದೆ. ಅಂದರೆ ನೀರು ಗೋಡೆಯಿಂದ ಬರುತ್ತಿದೆ, ಅಥವಾ ಹಲಗೆಯ ಹಿಂದೆ ಗಾಳಿಯಾಡುತ್ತಿಲ್ಲ. ಸ್ಕೇಲು ನಡುವನ್ನು ಮಾತ್ರ ಮುಟ್ಟಿ ಅಂಚುಗಳು ಹಿಂದೆ ಸರಿದಿದ್ದರೆ, ಮುಂಬದಿಯೇ ತೇವ ಕುಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸುವ ಅಭ್ಯಾಸ, ಕಿಟಕಿಯಿಂದ ಹೊಡೆಯುವ ಇರಚಲು, ಮಳೆಗಾಲದಲ್ಲಿ ಹಜಾರದಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು, ಇವನ್ನು ನೋಡಿ. ನಮ್ಮ ಮನೆಯಲ್ಲಿ ಆ ಹಗ್ಗವನ್ನು ತೆಗೆಸುವ ಶಕ್ತಿ ನನಗಿರಲಿಲ್ಲ. ಹಗ್ಗ ಇನ್ನೊಂದು ಗೋಡೆಗೆ ಹೋಯಿತು, ಅಷ್ಟೇ.

ಪಕ್ಕಪಕ್ಕದ ಹಲಗೆಗಳು ಒಂದು ಹೀಗೆ, ಒಂದು ಹಾಗೆ ಬಾಗಿದ್ದರೆ ಗೋಡೆಯ ತಪ್ಪಲ್ಲ. ಹಸಿ ಮರ ಬಳಸಿದ್ದೀರಿ. ಹಲಗೆಯ ತುದಿಯಲ್ಲಿ ಮರದ ವರ್ಷದ ಬಳೆಗಳು ಕಾಣುತ್ತವೆ. ಒಣಗುವಾಗ ಆ ಬಳೆಗಳು ನೆಟ್ಟಗಾಗಲು ಹವಣಿಸುತ್ತವೆ, ಆದ್ದರಿಂದ ತೊಗಟೆ ಕಡೆಯ ಮುಖ ಹಳ್ಳವಾಗುತ್ತದೆ. ತುದಿ ನೋಡಿ ಬಾಗುವಿಕೆಯೊಡನೆ ಹೋಲಿಸಿದರೆ ಗೊತ್ತಾಗುತ್ತದೆ.

ಮರ ಒಣಗಿದೆಯೇ ಎಂದು ತಿಳಿಯುವ ಅಗ್ಗದ ಉಪಾಯವನ್ನು ನನಗೆ ಕಲಿಸಿದವರು ಭಾವ. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ನೋಡಲು ಅವರು ಫೋರ್ಲಿಟ್ ಎಂಬ ಗೊತ್ತಾದ ಅಳತೆಯ ಪಾತ್ರೆಯಲ್ಲಿ ತುಂಬಿ ತೂಗುತ್ತಾರೆ. ಇವತ್ತಿನ ತೂಕ, ನಾಳೆಯ ತೂಕ, ನಾಳಿದ್ದಿನ ತೂಕ. ಇಳಿಯುವುದು ನಿಂತರೆ ಮೂಟೆ ಕಟ್ಟಬಹುದು. "ಕಾಫಿಗೆ ಇಷ್ಟೆಲ್ಲ ಮಾಡುತ್ತೇವೆ, ಹಲಗೆಯನ್ನು ಮಾತ್ರ ಮುಟ್ಟಿ ನೋಡಿ ಒಣಗಿದೆ ಅನ್ನುತ್ತೀರಲ್ಲ ಭಾವ" ಎಂದು ನಕ್ಕರು. ಬಿಡಿ ಹಲಗೆ ಒಂದಿದ್ದರೆ ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು, ತೂಕ ಬರೆದು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಗೋಡೆಯ ಮೇಲಿರುವ ಅದರ ಒಡಹುಟ್ಟಿದವೂ ಒಣಗುತ್ತಲೇ ಇವೆ.

ಅಂಕಿ ಬೇಕೆಂದರೆ, ಹಲಗೆಯ ತುದಿಯಿಂದಲ್ಲ, ನಡುಭಾಗದಿಂದ ಒಂದು ಚೂರು ಕೊಯ್ಯಿರಿ. ತುದಿ ಬೇಗ ಒಣಗಿ ಸುಳ್ಳು ಹೇಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಒಟಿಜಿ ಒಲೆಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿಟ್ಟು, ಎದುರಿಗೇ ಇದ್ದು, ಗಂಟೆಗೊಮ್ಮೆ ತೂಗುತ್ತಾ ಹೋಗಿ. ತೂಕ ಬದಲಾಗುವುದು ನಿಂತಾಗ, ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ. 120 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ಶೇಕಡಾ 20 ತೇವ. ಶೇಕಡಾ 12ರಿಂದ 14ರೊಳಗೆ ಬಂದ ಮರ ನಮ್ಮ ಹಜಾರಗಳಿಗೆ ಸರಿ. 20 ದಾಟಿದ ಮರದಲ್ಲಿ ಶಿಲೀಂಧ್ರ ನೆಲೆಸಬಲ್ಲದು.

ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸಿದವರಿಗೆ ಇದೇ ಲಕ್ಷಣ ಬೇರೆ ರೂಪದಲ್ಲಿ ಬರುತ್ತದೆ: ಅಂಚು ನೆನೆದ ಬಿಸ್ಕತ್ತಿನಂತೆ ದಪ್ಪವಾಗುತ್ತದೆ. ಅದು ಒಣಗಿದರೂ ಹಳೆಯ ಆಕಾರಕ್ಕೆ ಬಾರದು. ಕೊಯ್ದು ಬಿಸಾಡಿ. ನನ್ನನ್ನು ಕೇಳಿದರೆ ಪಡುವಣ ಗೋಡೆಗೆ ಎಂಡಿಎಫ್ ಬೇಡವೇ ಬೇಡ. ಪ್ಲೈವುಡ್ ಹಾಕುವುದಾದರೆ ಐಎಸ್ 710 ಗುರುತಿನದು (ಭಾರತೀಯ ಮಾನಕದ ಮರೀನ್ ದರ್ಜೆಯದು) ಹಾಕಿ. ಐಎಸ್ 303ರ ಎಂಆರ್ (ತೇವ ತಾಳುವ) ದರ್ಜೆ ಒಣ ಗೋಡೆಗೆ ಸಾಕು, ಇರಚಲು ಗೋಡೆಗೆ ಸಾಲದು.

ಬಾಗಿದ ಹಲಗೆಯನ್ನು ಉದ್ದ ಸ್ಕ್ರೂ ಹೊಡೆದು ಎಳೆದು ಕೂರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ನಡುವೆ ಸೀಳುತ್ತದೆ. ಕಳಚಿ, ಹಳ್ಳದ ಮುಖ ಕೆಳಗೆ ಮಾಡಿ ರೀಪಿನ ಮೇಲೆ ನೆರಳಿನಲ್ಲಿ ಒಣಗಲು ಬಿಟ್ಟು, ಕಾಲು ಇಂಚಿಗಿಂತ ಕಡಿಮೆ ಬಾಗಿದ್ದರೆ ಹಿಂಬದಿಗೆ ಉದ್ದುದ್ದ ಎರಡು ಗರಗಸದ ಗೀರು ಕೊಟ್ಟು, ಎರಡೂ ಮುಖಕ್ಕೆ ಪಾಲಿಶ್ ಕುಡಿಸಿ ಮತ್ತೆ ಹೊಡೆಯಬಹುದು. ಹಿಂಬದಿಗೆ ಪಾಲಿಶ್ ಯಾಕೆ ಎಂದು ಉಳಿತಾಯ ಮಾಡಿದ್ದು ನನ್ನ ಮೊದಲ ತಪ್ಪು. ಒಂದು ಮುಖ ಮುಚ್ಚಿ ಇನ್ನೊಂದನ್ನು ತೆರೆದಿಟ್ಟ ಹಲಗೆ ಒಂದೇ ಕಡೆಯಿಂದ ನೀರು ಕುಡಿದು ಬಾಗದೆ ಇನ್ನೇನು ಮಾಡೀತು?

ಬೂಷ್ಟು, ಮುಗ್ಗಲು ವಾಸನೆ

ಸೋಫಾ ಸರಿಸಿ, ಹಲಗೆಯ ಮೇಲೆ ಅಂಗೈ ಇಡಿ. ಗೋಡೆಯ ಬೇರೆ ಭಾಗಕ್ಕಿಂತ ತಣ್ಣಗಿದ್ದರೆ ಅಲ್ಲಿ ನೀರಿದೆ. ಹಲಗೆಯ ಮೇಲೆ ಬಿಳಿ ಅಥವಾ ಹಸಿರು ಧೂಳಿನಂತೆ ಒರೆಸಿದರೆ ಹೋಗುವ ಬೂಷ್ಟು, ಅದೂ ಸೋಫಾದ ಮರೆಯಲ್ಲಿ ಮಾತ್ರ ಇದ್ದರೆ, ಗಾಳಿಯ ತೇವದ್ದು. ಸೋಫಾವನ್ನು ನಾಲ್ಕು ಇಂಚು ಮುಂದೆ ತನ್ನಿ, ಒಣ ಬಟ್ಟೆಯಲ್ಲಿ ಒರೆಸಿ, ಮಳೆ ಬಿಟ್ಟ ಹೊತ್ತಿನಲ್ಲಿ ಫ್ಯಾನು ಹಾಕಿ. ಬಹಳಷ್ಟು ಮನೆಗಳಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಒರೆಸುವಾಗ ಮಾಸ್ಕ್ ಇರಲಿ. ದಮ್ಮು ಇರುವವರಿಗೆ ಈ ಕೆಲಸ ಕೊಡಬೇಡಿ.

ಒರೆಸಿದ ವಾರಕ್ಕೇ ಮರಳಿದರೆ ಗೋಡೆಯನ್ನು ಪರೀಕ್ಷಿಸಬೇಕು. ಒಂದು ಹಲಗೆ ಕಳಚಿ, ತೆರೆದ ಗೋಡೆಗೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮುಖದಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನದು. ಹೊರಮುಖದಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯದು. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಹಲಗೆ ಹೊಡೆಯುವ ಮೊದಲೇ ಜುಲೈನಲ್ಲಿ ಇದನ್ನು ಮಾಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಮೇ ತಿಂಗಳ ಗೋಡೆ ಬಹುತೇಕ ಎಲ್ಲರ ಮನೆಯಲ್ಲೂ ಒಣಗಿಯೇ ಇರುತ್ತದೆ.

ನೀರು ಗೋಡೆಯದು ಎಂದಾದರೆ ಒದ್ದೆಯ ಆಕಾರ ನೋಡಿ. ನೆಲದಿಂದ ಎರಡು ಮೂರು ಅಡಿಯವರೆಗೆ ಒದ್ದೆ, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಹೂವಾಡಿದ್ದರೆ ನೆಲದ ನೀರು ಏರುತ್ತಿದೆ. ಹೊರಗೆ ಗೋಡೆಗೆ ತಾಗಿದಂತೆ ಮಣ್ಣು ಏರಿಸಿ ಹೂವಿನ ಪಾತಿ ಮಾಡಿದ್ದಾರೆಯೇ ನೋಡಿ, ಮೊದಲು ಅದನ್ನು ತೆಗೆಸಿ. ತಾರಸಿಯಿಂದ ಕೆಳಗೆ ನಾಲಗೆ ಚಾಚಿದಂತೆ ಇಳಿದಿದ್ದರೆ ಪ್ಯಾರಪೆಟ್ಟಿನ ಬುಡ ಬಿರಿದಿದೆ ಅಥವಾ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆ. ಹೆಂಚಿನ ಮನೆಯಾದರೆ ಒಡೆದ ಹೆಂಚು, ಕಸ ತುಂಬಿದ ಸೂರಿನ ದೋಣಿ. ಗೋಡೆಯ ನಡುವೆ ದುಂಡಗೆ, ಬೇಸಿಗೆಯಲ್ಲೂ ಒಣಗದೆ ಇದ್ದರೆ ಒಳಗಿನ ಪೈಪು: ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ನೀರಿಗೆ ಗುರುತು ಹಾಕಿ, ಬೆಳಿಗ್ಗೆ ನೋಡಿ.

ನನ್ನದು ಇವು ಯಾವುವೂ ಆಗಿರಲಿಲ್ಲ. ಗೋಡೆ ಇಡಿಯಾಗಿ ಒದ್ದೆ, ಗಾಳಿಮಳೆಯ ದಿನ ಹೆಚ್ಚು. ನೈಋತ್ಯದಿಂದ ಬರುವ ಇರಚಲು ಪಡುವಣ ಗೋಡೆಯನ್ನು ದಿನವಿಡೀ ಹೊಡೆಯುತ್ತದೆ, ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೀರಿಕೊಳ್ಳುತ್ತದೆ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಆ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಸುಮ್ಮನೆಯಲ್ಲ. ನಾನು ಬಿರುಕು ತುಂಬಿಸಿ, ಹೊರಬಣ್ಣ ಹೊಡೆಸಿ, ಕಿಟಕಿಯ ಮೇಲೆ ಎರಡಡಿ ಶೀಟಿನ ಮಾಡು ಇಳಿಸಿದೆ. ಒಳಗಿನಿಂದ ಮಾತ್ರ ನೀರು ತಡೆಯುವ ಬಣ್ಣ ಬಳಿಯುವುದು, ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಸುವುದು ನನಗೆ ಸರಿಕಾಣುವುದಿಲ್ಲ: ಮರ ಕೆಲಕಾಲ ಉಳಿದೀತು, ಗೋಡೆ ಒಳಗೇ ಕೊಳೆಯುತ್ತದೆ.

ಹೊರಗಿನ ಕೆಲಸ ಮುಗಿದ ಮೇಲೂ ಹಲಗೆಯ ಹಿಂದೆ ಗಾಳಿ ಹರಿಯಬೇಕು. ಅಡ್ಡ ಹಲಗೆಗೆ ನಿಲುವು ರೀಪು ಹೊಡೆದು, ಕೆಳಗೂ ಮೇಲೂ ಅರ್ಧ ಇಂಚು ಬಿಟ್ಟರೆ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನಿಲುವು ಹಲಗೆಯಾದರೆ ರೀಪು ಅಡ್ಡ ಬಂದು ದಾರಿ ಕಟ್ಟುತ್ತದೆ. ರೀಪಿನಲ್ಲಿ ಅಲ್ಲಲ್ಲಿ ಕಚ್ಚು ಕೊಡಿ. ಸಂದಿಗೆ ಸೊಳ್ಳೆಪರದೆಯ ಜಾಲರಿ ಹೊಡೆಯದಿದ್ದರೆ ಜಿರಳೆಗಳಿಗೆ ಒಳ್ಳೆಯ ಬಾಡಿಗೆಮನೆ.

ಮರಕ್ಕೆ ಚಾಕುವಿನ ಮೊನೆ ಒತ್ತಿ ನೋಡಿ. ಬೆಣ್ಣೆಯಂತೆ ಒಳಗಿಳಿದರೆ ಅದು ಬೂಷ್ಟಲ್ಲ, ಕೊಳೆತ. ಗೋಡೆಯ ಗಾರೆ ಕೈಗೆ ಉದುರಿಬಂದರೆ, ಮಣ್ಣಿನ ಗೋಡೆಯ ಬುಡ ಮೆತ್ತಗಾಗಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಿ.

ಸ್ಕ್ರೂ ಸುತ್ತ ಕಪ್ಪು ನೀಲಿ ಕಲೆ

ಮತ್ತಿ, ಹೊನ್ನೆಯಂತಹ ಒಗರಿರುವ ಮರಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆದು ತೇವ ತಗಲಿದರೆ ಮೊಳೆಯ ಸುತ್ತ ಶಾಯಿ ಬಣ್ಣ ಹರಡುತ್ತದೆ. ನಿಜಕ್ಕೂ ಶಾಯಿಯೇ: ಹಿಂದಿನ ಕಾಲದಲ್ಲಿ ಬರೆಯುವ ಮಸಿಯನ್ನು ಇದೇ ಕಬ್ಬಿಣ ಮತ್ತು ಒಗರಿನಿಂದ ಮಾಡುತ್ತಿದ್ದರು. ಒಂದು ಹನಿ ನಿಂಬೆರಸ ಹಾಕಿ. ಹತ್ತು ನಿಮಿಷದಲ್ಲಿ ಕಲೆ ತಿಳಿಯಾದರೆ ಕಬ್ಬಿಣದ್ದು. ಆಗದಿದ್ದರೆ ಶಿಲೀಂಧ್ರದ್ದಿರಬಹುದು, ಅದನ್ನು ಬ್ಲೀಚ್ ಹನಿಯಿಂದ ನೋಡುತ್ತಾರೆ. ಆದರೆ ನಿಂಬೆರಸ ಹಾಕಿದ ಜಾಗಕ್ಕೆ ಬ್ಲೀಚ್ ಹಾಕಲೇಬೇಡಿ. ಹುಳಿ ಮತ್ತು ಬ್ಲೀಚ್ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ. ಬೇರೆ ಜಾಗ, ಬೇರೆ ದಿನ.

ಮೊಳೆ ಕಿತ್ತು ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಕ್ರೂ ಹಾಕಿದರೆ ಕಲೆ ಬೆಳೆಯುವುದು ನಿಲ್ಲುತ್ತದೆ. ಇರುವ ಕಲೆಗೆ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ, ಆದರೆ ಅದು ವಿಷ. ಕೈಗವಸು ಬೇಕು, ಅಡುಗೆಮನೆಯ ಪಾತ್ರೆ ಬೇಡ, ಒಣಗಿದ ಮೇಲೆ ಉಜ್ಜಿ ಧೂಳೆಬ್ಬಿಸಬಾರದು, ನೀರಿನಲ್ಲಿ ತೊಳೆಯಬೇಕು.

ಸೋಫಾ ಮೇಲೆ ಪುಡಿ, ಹಲಗೆಯಲ್ಲಿ ತೂತು

ನಮ್ಮನೆಯಲ್ಲಿ ಇದನ್ನು ಮೊದಲು ಕಂಡದ್ದು ಅತ್ತಿಗೆ. ಸೋಫಾದ ಕೈ ಮೇಲೆ ಅಕ್ಕಿಹಿಟ್ಟು ಚೆಲ್ಲಿದ್ದು ಯಾರು ಎಂದು ಮಕ್ಕಳನ್ನು ಗದರಿದರು. ಬೆರಳಿನಲ್ಲಿ ಉಜ್ಜಿದರೆ ಹಿಟ್ಟಿನಷ್ಟೇ ನುಣುಪು. ಮೇಲೆ ನೋಡಿದರೆ ಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಮೂರು ತೂತು. ಇದು ಕುಟ್ಟೆ ಹುಳ.

ಪುಡಿಯ ಗುಣವೇ ಹುಳದ ಗುರುತು. ನುಣ್ಣನೆಯ ಹಿಟ್ಟು ಕುಟ್ಟೆಯದು. ಗಸಗಸೆಯಂತೆ ಬಿಡಿಬಿಡಿ ಕಾಳು ಒಣಮರದ ಗೆದ್ದಲಿನದು. ಪುಡಿಯೇ ಇಲ್ಲದೆ, ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಹಾದಿ ಕಂಡರೆ ನೆಲದ ಗೆದ್ದಲು, ನಮ್ಮ ಹಿರಿಯರ ಬಾಯಲ್ಲಿ ಒರಲೆ. ಮಳೆ ಬಿದ್ದ ಸಂಜೆಯ ಮರುದಿನ ಗೋಡೆಯ ಬುಡದಲ್ಲಿ ರೆಕ್ಕೆಗಳ ರಾಶಿ ಬಿದ್ದಿದ್ದರೂ ಅದೇ ಅರ್ಥ.

ಕುಟ್ಟೆಯ ತೂತು ಹಳೆಯದೋ ಹೊಸದೋ ತಿಳಿಯಲು ಪುಡಿ ಪೂರ್ತಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ, ತೂತುಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಎರಡು ವಾರ ಬಿಡಿ. ಹೊಸ ಪುಡಿಯಿಲ್ಲದಿದ್ದರೆ ಹುಳ ಹಾರಿಹೋಗಿದೆ. ತೂತಿಗೆ ಜೇನುಮೇಣ ತುಂಬಿ ಮರೆತುಬಿಡಿ. ಪುಡಿ ಬಿದ್ದರೆ ಆ ಹಲಗೆಯನ್ನು ಕಳಚಬೇಕು. ಹುಳಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ, ಒಳಗಿನ ಗಟ್ಟಿ ಚೇಗಿನ ಗೊಡವೆಗೆ ಅದು ಹೋಗುವುದಿಲ್ಲ. ರಬ್ಬರ್, ಮಾವು, ಸಿಲ್ವರ್ ಓಕ್ ಹಲಗೆಗಳಲ್ಲಿ ಬಿಳಿ ಭಾಗವೇ ಹೆಚ್ಚು. ಪಾಲಿಶ್ ಆದ ಮೇಲ್ಮೈಯಲ್ಲಿ ಅದು ಮೊಟ್ಟೆ ಇಡಲಾರದು. ಮೊಟ್ಟೆ ಪಾಲಿಶಿಗೆ ಮುಂಚೆಯೇ ಬಂದಿರುತ್ತದೆ. ಹಾಗಾಗಿ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಬೆರೆಸಿದ ನೀರನ್ನು ಹಚ್ಚಬೇಕಾದದ್ದು ಬರಿಮರಕ್ಕೆ. ಪಾಲಿಶ್ ಮೇಲೆ ಹಚ್ಚಿದರೆ ದುಡ್ಡು ದಂಡ. ಊರ ಕಡೆ ತೊಲೆ, ಜಂತಿಗೆ ಬಳಿಯುವ ಗೇರೆಣ್ಣೆಯನ್ನು ಕೆಲವರು ಸೂಚಿಸುತ್ತಾರೆ. ಅದು ಚರ್ಮ ಸುಡುತ್ತದೆ, ಬಣ್ಣ ಕರಿ. ಕೊಟ್ಟಿಗೆಗೆ ಸರಿ, ಹಜಾರಕ್ಕಲ್ಲ.

ಗೆದ್ದಲಿನ ಮಣ್ಣುಹಾದಿಯನ್ನು ಒಂದಿಂಚು ಮಾತ್ರ ಒಡೆದು ಎರಡು ದಿನ ಕಾಯಿರಿ. ಮತ್ತೆ ಕಟ್ಟಿಕೊಂಡರೆ ಅವು ಒಳಗೇ ಇವೆ. ಇಲ್ಲಿ ಮನೆಯ ಸಾಹಸ ಸಾಕು. ಗೂಡು ಮಣ್ಣಿನಲ್ಲಿದೆ, ನಿಮ್ಮ ಗೋಡೆ ಅವುಗಳ ಊಟದ ಎಲೆ ಮಾತ್ರ. ಹಲಗೆಗೆ ಸೀಮೆಎಣ್ಣೆ ಚಿಮುಕಿಸಿದರೆ ಗೂಡಿಗೆ ಏನೂ ಆಗುವುದಿಲ್ಲ, ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಬೆಂಕಿಗೆ ದಾರಿಯಾಗುತ್ತದೆ. ಕಟ್ಟಿದ ಮನೆಗಳ ಗೆದ್ದಲು ಚಿಕಿತ್ಸೆಗೆ ಐಎಸ್ 6313ರ ಮೂರನೆಯ ಭಾಗ ಎಂಬ ಕ್ರಮವಿದೆ: ಗೋಡೆ ನೆಲ ಸೇರುವಲ್ಲಿ ಸುಮಾರು ಒಂದಡಿಗೊಂದು ತೂತು ಕೊರೆದು ಔಷಧ ಇಳಿಸುತ್ತಾರೆ. ಬರುವವರನ್ನು ಅದರ ಪ್ರಕಾರ ಮಾಡುತ್ತೀರಾ ಎಂದು ಕೇಳಿ. ಮನೆಗೆ ತಾಗಿ ಬಾವಿಯಿದ್ದರೆ ಅವರಿಗೆ ಮೊದಲೇ ತೋರಿಸಿ.

ಪಾಲಿಶ್ ಬೆಳ್ಳಗಾಗಿದೆ, ಅಥವಾ ಅಂಟುತ್ತಲೇ ಇದೆ

ಮಳೆಯ ದಿನ ಹೊಡೆದ ಪಾಲಿಶ್, ಫ್ರೆಂಚ್ ಆಗಲಿ ಮೆಲಮೈನ್ ಆಗಲಿ, ಹಾಲು ಚೆಲ್ಲಿದಂತೆ ಮಂಜಾಗುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಪದರದೊಳಗೆ ಸಿಕ್ಕಿಬೀಳುತ್ತದೆ. ಎರಡು ಬಿಸಿಲಿನ ದಿನ ಕಾದು ನೋಡಿ. ತಾನೇ ಹೋದರೂ ಹೋದೀತು. ಹೋಗದಿದ್ದರೆ ನುಣ್ಣನೆಯ ಮರಳು ಕಾಗದದಿಂದ ತೆಳ್ಳಗೆ ಉಜ್ಜಿ, ಒಣ ದಿನ ಮಧ್ಯಾಹ್ನ ಇನ್ನೊಂದು ತೆಳು ಕೋಟು ಕೊಡಿ.

ಅಂಟುವುದಕ್ಕೆ ಕಾರಣ ಸಾಮಾನ್ಯವಾಗಿ ದಪ್ಪ ಕೋಟು. ಎರಡು ಡಬ್ಬಿ ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಪಾಲಿಶಿನಲ್ಲಿ ಗಟ್ಟಿಗೊಳಿಸುವ ದ್ರವವನ್ನು ಕಣ್ಣಳತೆಯಲ್ಲಿ ಬೆರೆಸಿದ್ದರೆ ಎಷ್ಟು ಕಾದರೂ ಒಣಗದು, ಕೆರೆದು ತೆಗೆಯಬೇಕು. ತೇಗ, ಬೀಟೆಯಲ್ಲಿ ಮರದ ಎಣ್ಣೆಯೇ ಅಡ್ಡಿ. ಕೋಟಿಗೆ ಮುಂಚೆ ಥಿನ್ನರಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಥಿನ್ನರ್ ತೆರೆದಾಗ ದೇವರ ದೀಪವೂ ಆರಿರಲಿ, ಗ್ಯಾಸ್ ಒಲೆಯೂ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರಡಿ.

ಉಜ್ಜುವಾಗ ಮಾಸ್ಕ್ ಕಡ್ಡಾಯ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ.

ಸದ್ದು, ಅಲುಗಾಟ

ಬಿಸಿಲಿಳಿದ ಮೇಲೆ ಒಂದೆರಡು ಸಲ "ಟಕ್" ಎಂದರೆ ಮರ ಮೈಮುರಿಯುತ್ತಿದೆ. ನಿದ್ದೆ ಮಾಡಿ. ಕರಕರ ಎಂದು ಬಿಡದೆ ಕೇಳಿದರೆ ಇಲಿ.

ಅಂಗೈಯಿಂದ ಒತ್ತಿದಾಗ ಹಲಗೆ ಮಾತ್ರ ಅಲುಗಿದರೆ ಒಂದು ಸ್ಕ್ರೂ ಸಾಕು. ಹಿಂದಿನ ರೀಪೇ ಅಲುಗಿದರೆ, ಸ್ಕ್ರೂ ಕಚ್ಚಿಕೊಳ್ಳಲು ಗೋಡೆಯ ತೂತಿಗೆ ಹೊಡೆದ ಪ್ಲಗ್ ಹಿಡಿದಿಲ್ಲ. ಗಾರೆಯಷ್ಟನ್ನೇ ಕೊರೆದು ಪ್ಲಗ್ ಹೊಡೆದಿದ್ದಾರೆ, ಇಲ್ಲವೇ ಹಾಲೋ ಬ್ಲಾಕಿನ ಟೊಳ್ಳಿಗೆ ಬಿದ್ದಿದೆ. ಬಡಿದರೆ ಡಬ್ಬದಂತೆ ಸದ್ದು ಬರುವ ಜಾಗ ಬಿಟ್ಟು, ಗಟ್ಟಿ ಜಾಗದಲ್ಲಿ ಗಾರೆ ದಾಟಿ ಎರಡು ಇಂಚು ಒಳಹೋಗುವಂತೆ ಹೊಸ ತೂತು ಕೊರೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಕೊರೆಯಬೇಡಿ. ತಂತಿ ಸಾಮಾನ್ಯವಾಗಿ ಓಡುವುದು ಆ ದಾರಿಯಲ್ಲೇ. ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ,  ಬಡಗಿಯಿಂದ ಮರದ ಗಟ್ಟೆ ಕೂರಿಸಿಕೊಳ್ಳಿ. ಟಿವಿಯ ಭಾರ ಎಂದಿಗೂ ಹಲಗೆಯ ಮೇಲಲ್ಲ, ಗೋಡೆಯ ಮೇಲೆ.

ಇಡೀ ಹೊದಿಕೆ ಮೇಲ್ತುದಿಯಲ್ಲಿ ಗೋಡೆ ಬಿಟ್ಟು ಬೆರಳು ತೂರುವಷ್ಟು ಮುಂದೆ ವಾಲಿದ್ದರೆ ಪರೀಕ್ಷೆ ಗಿರೀಕ್ಷೆ ಬೇಡ. ಟಿವಿ ಇಳಿಸಿ, ಮಕ್ಕಳನ್ನು ಕೋಣೆಯಿಂದಾಚೆ ಕಳಿಸಿ, ಇಬ್ಬರು ಹಿಡಿದುಕೊಂಡು ಮೇಲಿನಿಂದ ಕಳಚುತ್ತಾ ಬನ್ನಿ.

ಕಳಚಲೇಬೇಕಾದಾಗ

ಮೊದಲು ಮೊಬೈಲಿನಲ್ಲಿ ಇಡೀ ಗೋಡೆಯ ಚಿತ್ರ. ಆಮೇಲೆ ಪ್ರತಿ ಹಲಗೆಗೆ ಅಂಟುಪಟ್ಟಿಯ ಮೇಲೆ ಸಂಖ್ಯೆ, ಎಡತುದಿಗೆ ಬಾಣದ ಗುರುತು. ಸೀಮೆಸುಣ್ಣ ಮಳೆಗಾಲದಲ್ಲಿ ಅಳಿಸಿಹೋಗುತ್ತದೆ. ನನ್ನ ಏಳು, ಎಂಟು, ಹನ್ನೊಂದನೆಯ ಹಲಗೆಗಳು ಯಾವುವೆಂದು ಈಗಲೂ ನನಗೆ ಖಚಿತವಿಲ್ಲ. ಕಳಚಿದ್ದನ್ನು ಗೋಡೆಗೆ ಒರಗಿಸಬೇಡಿ, ಅದೇ ಕೋಣೆಯಲ್ಲಿ ಮಟ್ಟಸವಾದ ರೀಪಿನ ಮೇಲೆ, ಎರಡಡಿಗೊಂದು ತುಂಡು ಕೊಟ್ಟು ಪೇರಿಸಿ, ಮೇಲೆ ಭಾರ ಇಡಿ. ನಮ್ಮಲ್ಲಿ ಆ ಭಾರಕ್ಕೆ ಭಾವನ ಎರಡು ಮೂಟೆ ಕಾಫಿ ಬಂತು.

ಮತ್ತೆ ಹೊಡೆಯಲು ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಜನವರಿ, ಗಾಳಿ ತೀರಾ ಒದ್ದೆಯೂ ಅಲ್ಲದ ತೀರಾ ಒಣಕಲೂ ಅಲ್ಲದ ಹೊತ್ತು. ಹಲಗೆ ಹಲಗೆಯ ನಡುವೆ ಎರಡು ಮಿಲಿಮೀಟರ್ ಬಿಡಿ. ನನ್ನವನ್ನು ಡಿಸೆಂಬರಿನಲ್ಲಿ ಕೂರಿಸಿದೆ, ಕೆಳಗಿನ ನಾಲ್ಕನ್ನು ಹೊರತುಪಡಿಸಿ. ಆ ಜಾಗದ ಗೋಡೆಗೆ ಇನ್ನೊಂದು ಪುಷ್ಯ ಮಳೆ ಕಂಡ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಬೇಕಿದೆ.